‘ಏನರ ಆದ್ರ ಏನ್ ಮಾಡ್ತಿ?’ ಅಂತ ಕೇಳುವ ಎಲ್ಲರಿಗೂ

ಗದಗಿನಲ್ಲಿ ನಾನು ಬ್ಯಾಗು ಕಟ್ಟಲು ಕೂತರೆ ಸಾಕು, ಸುದ್ದಿ ನನಗಿಂತ ಮೊದಲು ಓಣಿ ಸುತ್ತಿ ಬಂದಿರುತ್ತದೆ. ವರ್ಷಕ್ಕೊಂದು ಸಲ, ಕೆಲವೊಮ್ಮೆ ಎರಡು ಸಲ, ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಒಬ್ಬನೇ ಎಲ್ಲಾದರೂ ಹೋಗುತ್ತೇನೆ. ಥೈಲ್ಯಾಂಡ್, ವಿಯೆಟ್ನಾಂ, ನೇಪಾಳ, ಬಾಲಿ, ಹೀಗೆ ಏಷ್ಯಾದೊಳಗೇ. ಅದಕ್ಕಿಂತ ದೂರ ಹೋಗಲು ನನ್ನ ಪಗಾರ ಬಿಡುವುದಿಲ್ಲ. ಕಟಿಂಗ್ ಅಂಗಡಿಯಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ, ಸಂಜೆ ಗಿರ್ಮಿಟ್ ತಿನ್ನುವ ಗಾಡಿಯ ಮುಂದೆ, ಎಲ್ಲ ಕಡೆ ಒಂದೇ ಪ್ರಶ್ನೆ: "ಅಲ್ಲೋ ತಮ್ಮಾ, ಒಬ್ಬನ ಹೊಂಟಿ, ಭಾಷಾ ಬರಂಗಿಲ್ಲ, ಯಾರೂ ಗುರ್ತಿಲ್ಲ. ಏನರ ಆದ್ರ ಏನ್ ಮಾಡ್ತಿ?"

ಉತ್ತರ ಹೇಳಿಬಿಡುತ್ತೇನೆ. ಏನಾದರೂ ಆಗೇ ಆಗುತ್ತದೆ. ಪ್ರತಿ ಸಲ ಆಗಿದೆ. ಆದರೆ ನೀವು ಅಂದುಕೊಂಡದ್ದು ಆಗಿಲ್ಲ, ಅಷ್ಟೇ. ಕೇಳುವವರ ತಲೆಯಲ್ಲಿ ಚಾಕು ಹಿಡಿದ ಕಳ್ಳ ಇರುತ್ತಾನೆ, ಇಲ್ಲವೇ ಯಾರೋ ಪಾಸ್‌ಪೋರ್ಟ್ ಕಸಿದುಕೊಂಡು ಹೋಗಿರುತ್ತಾರೆ. ನನ್ನನ್ನು ಇವತ್ತಿನವರೆಗೆ ಯಾರೂ ದೋಚಿಲ್ಲ. ನನ್ನನ್ನು ಕಾಡಿದ್ದೆಲ್ಲ ತಾರೀಕು ಮತ್ತು ಗಡಿಯಾರ.

ನಗುವ ವಿಷಯ ಏನೆಂದರೆ ನನ್ನ ಹೊಟ್ಟೆಪಾಡೇ ತಾರೀಕು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುವ ಕೆಲಸ ಮಾಡುತ್ತೇನೆ. ದೀಪಾವಳಿ ಹೊತ್ತಿಗೆ ಕ್ಯಾಲೆಂಡರ್, ಯುಗಾದಿ ಮುಗಿದರೆ ಲಗ್ನಪತ್ರಿಕೆ. ಶುಕ್ರವಾರ ಅಂತ ಇರಬೇಕಾದಲ್ಲಿ ಗುರುವಾರ ಬಿದ್ದರೆ ಸಾವಿರ ಕಾರ್ಡು ರದ್ದಿಗೆ ಹೋಗುತ್ತವೆ, ಹೆಣ್ಣಿನ ಅಪ್ಪ ಅಂಗಡಿಗೆ ಬಂದು ನಿಲ್ಲುತ್ತಾನೆ, ಮಾಲಕರು ನನ್ನ ಕಡೆ ನೋಡುತ್ತಾರೆ. ಹಾಗಾಗಿ ಪ್ರೂಫ್ ನೋಡುವಾಗ ವಾರ, ತಾರೀಕು, ತಿಥಿ ಮೂರನ್ನೂ ಬೆರಳಿಟ್ಟು ನೋಡುವ ಮನುಷ್ಯ ನಾನು. ಇಂಥವನು 2018ರಲ್ಲಿ ತನ್ನ ಮೊದಲ ಪ್ರವಾಸದಲ್ಲೇ ಬ್ಯಾಂಕಾಕಿನಿಂದ ವಾಪಸ್ ಬರುವ ವಿಮಾನ ತಪ್ಪಿಸಿಕೊಂಡ. ಐದು ಹತ್ತು ನಿಮಿಷದಿಂದ ಅಲ್ಲ, ಪೂರ್ತಿ ಒಂದು ದಿನದಿಂದ.

ಟಿಕೆಟ್ ಮೇಲೆ ‘14, 00:20’ ಅಂತ ಇತ್ತು. ನಾನು 14ರ ರಾತ್ರಿ ಹತ್ತಕ್ಕೆ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹಾಜರು. ಎರಡು ತಾಸು ಮೊದಲೇ ಬಂದೆ ಅಂತ ಖುಷಿಯಿಂದ ಒಂದು ಕಾಫಿ ಬೇರೆ ಕುಡಿದೆ. ಕೌಂಟರಿನ ಹುಡುಗಿ ಟಿಕೆಟ್ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಟಿಕೆಟ್ ನೋಡಿದಳು. ಆಮೇಲೆ ಬಹಳ ಮೆತ್ತಗೆ, ಸಣ್ಣ ಮಗುವಿಗೆ ಹೇಳುವಂತೆ, ಬೆರಳು ಮಡಚಿ ಹೇಳಿದಳು: ನಿಮ್ಮ ವಿಮಾನ ನಿನ್ನೆ ರಾತ್ರಿಯೇ ಹೋಯಿತು.

ನಮ್ಮ ಲೆಕ್ಕದಲ್ಲಿ ದಿನ ಶುರುವಾಗೋದು ಸೂರ್ಯ ಹುಟ್ಟಿದ ಮೇಲೆ ಅಲ್ವಾ? ಪಂಚಾಂಗ ನೋಡಿ ನೋಡಿ ಅದೇ ತಲೆಯಲ್ಲಿ ಕೂತಿದೆ. ನಡುರಾತ್ರಿ ಹನ್ನೆರಡೂ ಇಪ್ಪತ್ತು ಅಂದರೆ ನನಗೆ ಅದು ಇನ್ನೂ ‘ಇವತ್ತಿನ ರಾತ್ರಿ’. ಥಾಯ್ ವಿಮಾನ ನಿಲ್ದಾಣಕ್ಕೆ ಅದು ನಾಳೆ. ಹೊಸ ಟಿಕೆಟ್‌ಗೆ 11,000 ರೂಪಾಯಿ ಹೋಯಿತು. ಆ ರಾತ್ರಿ ಕಾಫಿ ಕುಡಿದ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ. ಅದರ ಮೇಲೆ ವರ್ಷ 2561 ಅಂತ ಇದೆ, ಯಾಕೆಂದರೆ ಅವರು ಬುದ್ಧನ ಶಕೆ ಹಿಡಿಯುತ್ತಾರೆ, ನಮ್ಮ ಇಸವಿಗೆ 543 ಕೂಡಿಸಬೇಕು. ಒಂದು ದಿನ ತಪ್ಪಿದವನಿಗೆ 543 ವರ್ಷದ ವ್ಯತ್ಯಾಸದ ಕಾಗದ ಕೈಗಿಟ್ಟಿದ್ದರು.

ಬುದ್ಧಿ ಬಂತು ಅಂದುಕೊಂಡಿರಾ? 2023ರ ಅಕ್ಟೋಬರಿನಲ್ಲಿ ಕಠ್ಮಂಡುವಿನಿಂದ ಪೋಖರಾಕ್ಕೆ ಬೆಳಗ್ಗೆ ಏಳರ ಬಸ್ಸು. ಟಿಕೆಟ್ ಮೇಲೆ ಅವರ ಲೆಕ್ಕದ ವರ್ಷ, ವಿಕ್ರಮ ಸಂವತ್ 2080. ಈ ಸಲ ಹುಷಾರಾಗಿದ್ದೆ, ಹೋಟೆಲಿನವನನ್ನು ಕೇಳಿ ಇಂಗ್ಲಿಷ್ ತಾರೀಕು ಖಾತ್ರಿ ಮಾಡಿಕೊಂಡೆ. ತಾರೀಕು ಸರಿಯಾಗಿತ್ತು. ಬಸ್ಸು ನಿಲ್ಲುವ ಜಾಗಕ್ಕೆ ಆರೂ ಐವತ್ತೈದಕ್ಕೆ ಹೋದರೆ ಅಲ್ಲಿ ನನ್ನ ಬಸ್ಸಿಲ್ಲ. ಚಹಾದವನ ಗೋಡೆ ಗಡಿಯಾರದಲ್ಲಿ ಏಳೂ ಹತ್ತು.

ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದೆ. ಅರ್ಧ ತಾಸಲ್ಲ, ಒಂದು ತಾಸಲ್ಲ, ಹದಿನೈದೇ ನಿಮಿಷ. ಗೌರೀಶಂಕರ ಪರ್ವತದ ರೇಖಾಂಶ ಹಿಡಿದು 1986ರಿಂದ ಹಾಗೆ ಇಟ್ಟುಕೊಂಡಿದ್ದಾರೆ. ನಾನು ಅಲ್ಲಿನ ಸಿಮ್ ತೆಗೆದುಕೊಂಡಿರಲಿಲ್ಲ, ಹಾಗಾಗಿ ಫೋನು ಮಾತ್ರ ಇನ್ನೂ ಗದಗಿನಲ್ಲೇ ಇತ್ತು. ಎರಡು ದಿನದಿಂದ ನಾನು ಎಲ್ಲ ಕಡೆ ಹದಿನೈದು ನಿಮಿಷ ತಡವಾಗಿ ಹೋಗುತ್ತಿದ್ದೆ, ಯಾರೂ ಏನೂ ಅಂದಿರಲಿಲ್ಲ. ಪಾಪ, ಇವನ ಸ್ವಭಾವವೇ ಹೀಗೆ ಅಂದುಕೊಂಡಿರಬೇಕು.

ಕೊನೆಗೆ ಒಂದು ಸಣ್ಣ ವ್ಯಾನು ಸಿಕ್ಕಿತು. ದಶೈಂ ಹಬ್ಬದ ಸಮಯ, ಅಂದರೆ ನಮ್ಮ ದಸರೆಯೇ. ಊರಿಗೆ ಹೊರಟ ಮಂದಿ ತುಂಬಿದ್ದರು, ಜೊತೆಗೆ ಒಂದು ಹೋತ. ನನ್ನ ಬ್ಯಾಗು ಅದರ ಕಾಲ ಕೆಳಗೆ. ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಧೂಳೋ ಧೂಳು, 200 ಕಿಲೋಮೀಟರಿಗೆ ಇಡೀ ದಿನ ಹಿಡಿಯಿತು. ಆ ಹೋತ ನಡುವೆ ಎರಡು ಸಲ ನನ್ನ ಬ್ಯಾಗಿನ ಮೇಲೆ ಉಚ್ಚೆ ಹೊಯ್ದಿತು. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ ಒಳಗಿತ್ತು. ಪ್ಲಾಸ್ಟಿಕ್ ಚೀಲದಲ್ಲಿತ್ತು ಅನ್ನಿ, ತಿಂದೆ.

ಇನ್ನು ಸಣ್ಣಪುಟ್ಟವು. ವಿಯೆಟ್ನಾಮಿನಲ್ಲಿ 20,000ದ ನೋಟು, 5,00,000ದ ನೋಟು ಎರಡೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಮುಖ. ಹನೋಯ್‌ನ ಫುಟ್‌ಪಾತಿನಲ್ಲಿ ಕಾಫಿ ಕುಡಿದು ದೊಡ್ಡದನ್ನು ಕೊಟ್ಟು ಎದ್ದು ಬಂದೆ. ಅದು ನಮ್ಮ ಹತ್ತಿರ ಹತ್ತಿರ 1,700 ರೂಪಾಯಿ. ಆ ಹೆಂಗಸು ಚಪ್ಪಲಿ ಪಟಪಟ ಅನ್ನಿಸುತ್ತಾ ಓಡಿ ಬಂದು ಕೈಗೆ ತುರುಕಿ ನಾಲ್ಕು ಮಾತು ಬೈದಳು. ಬೈದಳು ಅಂತ ಅರ್ಥವಾಗಲು ಭಾಷೆ ಬೇಕಿಲ್ಲ. ಚಿಯಾಂಗ್ ಮಾಯ್‌ನಲ್ಲಿ ಬೈಕ್ ಟ್ಯಾಕ್ಸಿಯಿಂದ ಬಲಗಡೆ ಇಳಿದು ಮೀನಖಂಡ ಸೈಲೆನ್ಸರಿಗೆ ತಾಗಿಸಿಕೊಂಡೆ, ಕಲೆ ಇನ್ನೂ ಇದೆ. ಬೈಕ್ ಬಾಡಿಗೆಗೆ ತೆಗೆದುಕೊಳ್ಳುವುದಿಲ್ಲ. ಅದರಲ್ಲೂ ವಿಯೆಟ್ನಾಂ 1968ರ ರಸ್ತೆ ಸಂಚಾರ ಒಪ್ಪಂದದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾತ್ರ ಒಪ್ಪುತ್ತದೆ, ನಮ್ಮ ಆರ್‌ಟಿಓದವರು ಕೊಡೋದು 1949ರದ್ದು. ಬಿದ್ದರೆ ವಿಮೆಯವರು ಮೊದಲು ಲೈಸೆನ್ಸ್ ಕೇಳುತ್ತಾರೆ. ನಿಮ್ಮ ‘ಏನರ ಆದ್ರ’ ಪ್ರಶ್ನೆಗೆ ನಿಜವಾಗಿ ಹೆದರಬೇಕಾದ್ದು ಇದೊಂದೇ, ಆದರೆ ಇದನ್ನು ಮಾತ್ರ ಯಾರೂ ಕೇಳೋದಿಲ್ಲ.

ಈಗ ದೊಡ್ಡದು. 2023ರ ಯುಗಾದಿ. ಲಗ್ನಪತ್ರಿಕೆ ಗದ್ದಲ ಶುರುವಾಗುವ ಮೊದಲು ಮಾಲಕರ ಕೈಕಾಲು ಹಿಡಿದು ಹತ್ತು ದಿನ ರಜೆ ತೆಗೆದುಕೊಂಡು ಬಾಲಿಗೆ ಹೋದೆ. ಮಾರ್ಚ್ 21ರ ಮಧ್ಯಾಹ್ನ ಉಬುದ್ ಹತ್ತಿರದ ಒಂದು ಹಳ್ಳಿಯ ಮನೆಯಲ್ಲಿ ಇಳಿದೆ. ಮನೆಯ ಹೆಂಗಸನ್ನು ಎಲ್ಲರೂ ಇಬು ಅನ್ನುತ್ತಿದ್ದರು, ಅಂದರೆ ಅವ್ವ. ನಾನೂ ಹಾಗೇ ಕರೆದೆ. ಸಂಜೆ ರಸ್ತೆಗೆ ಬಂದರೆ ಬಿದಿರಿನ ಚೌಕಟ್ಟಿನ ಮೇಲೆ ದೊಡ್ಡ ದೊಡ್ಡ ರಾಕ್ಷಸರನ್ನು ಹೊತ್ತು ಹುಡುಗರು ಕುಣಿಯುತ್ತಿದ್ದರು, ಕೂಡು ರಸ್ತೆಯಲ್ಲಿ ಮೂರು ಸುತ್ತು ತಿರುಗಿಸುತ್ತಿದ್ದರು. ಓಗೋ ಓಗೋ ಅನ್ನುತ್ತಾರೆ ಅವಕ್ಕೆ. ಆಮೇಲೆ ಸುಡುತ್ತಾರೆ, ನಮ್ಮ ಕಾಮಣ್ಣನ ಹಾಗೆ. ಬಾಯಿ ತೆರೆದು ನೋಡುತ್ತಾ ನಿಂತೆ. ಅಂಗಡಿಗಳು ಬಾಗಿಲು ಹಾಕಿದ್ದು ಗಮನಕ್ಕೇ ಬರಲಿಲ್ಲ.

ಮರುದಿನ ನ್ಯೆಪಿ. ಬಾಲಿಯವರ ಹೊಸ ವರ್ಷ. ಬೆಳಗ್ಗೆ ಆರರಿಂದ ಮರುದಿನ ಆರರವರೆಗೆ ಇಡೀ ದ್ವೀಪ ಬಾಗಿಲು ಹಾಕಿಕೊಳ್ಳುತ್ತದೆ. ಬೆಂಕಿ ದೀಪ ಇಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ, ಹಾಡು ಕುಣಿತ ಇಲ್ಲ. ವಿಮಾನ ನಿಲ್ದಾಣವೂ ಬಂದ್. ದ್ವೀಪದಲ್ಲಿ ಯಾರೂ ಇಲ್ಲ ಅಂತ ಭೂತಗಳು ನಂಬಿ ಮುಂದೆ ಹೋಗಲಿ ಅಂತ. ಕಪ್ಪು ಬಿಳಿ ಚೌಕಡಿಯ ಬಟ್ಟೆ ಸುತ್ತಿದ ಊರ ಕಾವಲುಗಾರರು ಬೀದಿಯಲ್ಲಿ ತಿರುಗುತ್ತಾರೆ. ಗೇಟಿನಿಂದ ತಲೆ ಹೊರಗೆ ಹಾಕಿದೆ, ಒಬ್ಬ ಸುಮ್ನೆ ಕೈ ಮಾಡಿದ, ಒಳಗೆ ಬಂದೆ.

ಅಡುಗೆಮನೆ ಗೋಡೆಯ ಮೇಲೆ ಅವರ ಕ್ಯಾಲೆಂಡರ್ ಇತ್ತು. ವೃತ್ತಿ ಚಟ, ಹತ್ತಿರ ಹೋಗಿ ನಿಂತೆ. ಒಂದೊಂದು ಮನೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರ ತುಂಬಿದ್ದಾರೆ, ನಮ್ಮದಕ್ಕಿಂತ ಜಾಸ್ತಿ. ಅವರಲ್ಲಿ ಏಳು ದಿನದ ವಾರ ಒಂದೇ ಅಲ್ಲ, ಮೂರು ದಿನದ್ದು, ಐದು ದಿನದ್ದು, ಹತ್ತರವರೆಗೆ ಬೇರೆ ಬೇರೆ ವಾರಗಳು ಒಟ್ಟಿಗೆ ಓಡುತ್ತವೆ. ಇದನ್ನು ಪ್ರೂಫ್ ನೋಡುವವನ ಕಣ್ಣು ಏನಾಗಿರಬೇಡ! ಏಳು ದಿನದ ಸಾಲಿನಲ್ಲಿ ಬೆರಳಿಟ್ಟು ಓದಿದೆ: ರೆದಿತೆ, ಸೋಮ, ಅಂಗಾರ, ಬುದ, ವ್ರಸ್ಪತಿ, ಸುಕ್ರ, ಸನಿಸ್ಚರ. ಇನ್ನೊಂದು ಸಲ ಓದಿದೆ. ಪಕ್ಕದಲ್ಲಿ ವರ್ಷ, ಶಕ 1945. ಹೋದ ದೀಪಾವಳಿಗೆ ನಾನೇ ಕೂಡಿಸಿದ ಕ್ಯಾಲೆಂಡರಿನ ಮಾರ್ಚ್ 22ರ ಮನೆಯಲ್ಲಿ ಏನಿತ್ತು ಗೊತ್ತಾ? ಬುಧವಾರ, ಯುಗಾದಿ, ಶೋಭಕೃತ್ ಸಂವತ್ಸರ, ಶಾಲಿವಾಹನ ಶಕೆ 1945.

ಇಬುಗೆ ಕೈಸನ್ನೆಯಲ್ಲಿ ಹೇಳಿದೆ, ನಮ್ಮಲ್ಲೂ ಇವತ್ತೇ, ಇದೇ 1945. ಆಕೆ ನಕ್ಕು ಒಳಗೆ ಹೋಗಿ ಹಿಂದಿನ ದಿನ ಮಾಡಿಟ್ಟ ತಣ್ಣನ್ನ, ಬಾಳೆಹಣ್ಣು, ಒಂದು ತುಂಡು ತಾಳೆ ಬೆಲ್ಲ ತಂದಿಟ್ಟಳು. ಅನ್ನಕ್ಕೆ ಶೇಂಗಾ ಚಟ್ನಿ ಕಲಸಿದೆ. ಬೇವು ಇರಲಿಲ್ಲ, ಬೆಲ್ಲ ಇತ್ತು. ರಾತ್ರಿ ಒಂದು ದೀಪವೂ ಇಲ್ಲದ ಅಂಗಳದಲ್ಲಿ ಚಾಪೆ ಹಾಕಿ ಮಲಗಿದೆ. ಅಷ್ಟೊಂದು ನಕ್ಷತ್ರ ನಾನು ಕಪ್ಪತಗುಡ್ಡದ ಮೇಲೂ ನೋಡಿಲ್ಲ. ಎಂಥ ಯುಗಾದಿ ಅಂತ ಬಹಳ ಸಮಾಧಾನದಿಂದ ನಿದ್ದೆ ಹೋದೆ.

ಸಮಾಧಾನ ನನಗೆ. ಆ ದಿನ ಬಾಲಿಯಲ್ಲಿ ಮೊಬೈಲ್ ಇಂಟರ್ನೆಟ್ಟೂ ಬಂದ್. ಮನೆಯ ವೈಫೈ ಕೂಡ ತೆಗೆದಿಟ್ಟಿದ್ದರು. ನಾನು ‘ಹಬ್ಬ, ಏನು ಮಾಡೋದು’ ಅಂತ ಫೋನು ಬ್ಯಾಗಿಗೆ ಹಾಕಿದ್ದೆ. ಗದಗಿನಲ್ಲಿ ಅವ್ವ ಬೆಳಗ್ಗೆ ಎಂಟರಿಂದ ವಾಟ್ಸಾಪ್ ಕಾಲ್ ಮಾಡುತ್ತಿದ್ದಳು. ಹತ್ತಕ್ಕೆ ಅಕ್ಕ ಮಾಡಿದಳು. ಮಧ್ಯಾಹ್ನ ಹುಬ್ಬಳ್ಳಿಯಿಂದ ಸೋದರಮಾವ ಬಂದ. ಸಂಜೆ ಹೊತ್ತಿಗೆ ಕೆಳಗಿನ ಮನೆಯವರು, ಎದುರು ಮನೆಯವರು, ನಮ್ಮ ಮಾಲಕರು ಎಲ್ಲ ಪಡಸಾಲೆಯಲ್ಲಿ ಕೂತು, ಪೊಲೀಸ್ ಸ್ಟೇಷನ್ನಿಗೆ ಹೋಗೋಣೋ ಬ್ಯಾಡೋ ಅಂತ ಮಾತಾಡುತ್ತಿದ್ದರಂತೆ. ಇಷ್ಟು ವರ್ಷ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಆವತ್ತು ನಮ್ಮ ಪಡಸಾಲೆಗೇ ಬಂದು ಕೂತಿತ್ತು, ಉತ್ತರ ಹೇಳಬೇಕಾದ ನಾನು ನಕ್ಷತ್ರ ಎಣಿಸುತ್ತಿದ್ದೆ.

ಬೆಳಗ್ಗೆ ಆರಕ್ಕೆ ಫೋನು ಜೀವ ಹಿಡಿಯಿತು. 47 ಮಿಸ್ಡ್ ಕಾಲ್. ಕೈ ತಣ್ಣಗಾಯಿತು. ಹಿಂದೆ ಮುಂದೆ ನೋಡದೆ ಮನೆಗೆ ಕಾಲ್ ಮಾಡಿದೆ. ಬಾಲಿಯ ಆರು ಅಂದರೆ ಗದಗಿನಲ್ಲಿ ನಸುಕಿನ ಮೂರೂವರೆ. ಮೂರೂವರೆಗೆ ಫೋನು ಬಂದರೆ ನಮ್ಮ ಮನೆಗಳಲ್ಲಿ ಏನಂತ ತಿಳಿಯುತ್ತಾರೆ ಅನ್ನೋದು ರಿಂಗ್ ಆಗತೊಡಗಿದ ಮೇಲೆ ಹೊಳೆಯಿತು. ಕಟ್ ಮಾಡುವಷ್ಟರಲ್ಲಿ ಎತ್ತಿಬಿಟ್ಟಳು. ಮಲಗೇ ಇರಲಿಲ್ಲ.

"ಅವ್ವಾ, ಏನೂ ಆಗಿಲ್ಲಬೇ, ಇಲ್ಲಿ ಹಬ್ಬ ಇತ್ತು" ಅಂದೆ.

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹೋಳಿಗಿ ಮಾಡಿದ್ನಿ. ಯಾರೂ ಉಣಲಿಲ್ಲ" ಅಂದಳು.

ಈಗೆಲ್ಲ ಹೊರಡುವ ಮೊದಲು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ನಮ್ಮದೇ ಪ್ರೆಸ್ಸಿನ ಒಂದು ಕ್ಯಾಲೆಂಡರ್ ತಂದು ಅಡುಗೆಮನೆಯಲ್ಲಿ ತೂಗು ಹಾಕಿ, ಯಾವ ದಿನ ಎಲ್ಲಿ, ಅಲ್ಲಿ ಎಷ್ಟು ಹೊತ್ತಾಗಿರುತ್ತದೆ, ಯಾವ ದಿನ ನೆಟ್‌ವರ್ಕ್ ಇರೋದಿಲ್ಲ ಅಂತ ಕೆಂಪು ಪೆನ್ನಿನಲ್ಲಿ ಬರೆದಿಡುತ್ತೇನೆ. ಅವ್ವ ಕನ್ನಡಕ ಹಾಕಿಕೊಂಡು ಪ್ರೂಫ್ ನೋಡಿದ ಹಾಗೆ ಬೆರಳಿಟ್ಟು ನೋಡುತ್ತಾಳೆ. ಮುಂದಿನ ತಿಂಗಳು ಲಾವೋಸ್‌ಗೆ ಹೊರಟಿದ್ದೇನೆ. ಮೊನ್ನೆ ಆ ಹಾಳೆ ತೋರಿಸಿದರೆ ಎಲ್ಲ ಓದಿ ಮುಗಿಸಿ ಒಂದೇ ಕೇಳಿದಳು: "ಅಲ್ಲಿ ಫೋನ್ ಬಂದ್ ಮಾಡೋ ಹಬ್ಬ ಯಾವಾಗ ಐತಿ, ಅದನ್ನ ಮದ್ಲ ಬರಿ."