ಪಟ್ಟಿ ಮಾಡಿಟ್ಟರೆ ಸಾಲದು, ಕಾಡಿಗೆ ದಾರಿ ಬೇಕು

ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೆ, ಅಂದರೆ ಅಲ್ಲಿನ ಕಾಡಿನ ಬುಡಕಟ್ಟು ಸೋಲಿಗರ ಹಾಡಿಗಳಿಗೆ, ಹೋದವರು ಸಾಮಾನ್ಯವಾಗಿ ಒಂದು ಪಟ್ಟಿ ಬರೆದುಕೊಂಡು ಬರುತ್ತಾರೆ. ಯಾವ ಗಿಡ, ಯಾವ ಕಾಯಿಲೆ, ಎಷ್ಟು ಕಷಾಯ ಅಂತ. ಪಟ್ಟಿ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಬರೆದಿಟ್ಟ ಮಾತ್ರಕ್ಕೆ ಸೋಲಿಗರ ಮದ್ದಿನ ವಿದ್ಯೆ ಉಳಿದುಬಿಡುತ್ತದೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅಲ್ಲಿ ಒಬ್ಬ ತಾತ ಹೊನ್ನೆ ಮರದ ತೊಗಟೆ ತೆಗೆಯುವುದನ್ನು ಹತ್ತಿರ ಕೂತು ನೋಡಿದ್ದೇನೆ. ಮೊದಲು ಮರದ ಸುತ್ತ ಒಂದು ಸಲ ಬಂದರು. ಹಳೇ ಗಾಯ ಇದೆಯಾ ಅಂತ ಕೈಯಾಡಿಸಿ ನೋಡಿದರು. ಆಮೇಲೆ ಎರಡು ಬೆರಳು ಅಗಲದ ಒಂದೇ ಒಂದು ಪಟ್ಟೆ ಎಬ್ಬಿಸಿದರು, ಕೆಂಪು ರಸ ಒಸರಿತು, ಆ ಜಾಗಕ್ಕೆ ಹಸಿ ಮಣ್ಣು ಮೆತ್ತಿದರು. "ಸುತ್ತ ಸುಲುದ್ರೆ ಮರ ಸತ್ತೋಯ್ತದೆ ಕಣಪ್ಪ, ನಾಳೆ ಯಾರ್ ಕೊಟ್ಟಾರು?" ಅಂದರು. ಅವರ ಮಾತು ಸರಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಸುತ್ತಲೂ ಸುಲಿದರೆ ಬೇರು ಹಸಿದು ಸಾಯುತ್ತದೆ. ಈ ವಿದ್ಯೆ ಇರುವುದು ಕೈಯಲ್ಲಿ. ಮರದ ಹತ್ತಿರ ಹೋಗುವುದಕ್ಕೇ ಬಿಡದಿದ್ದರೆ ಮೊಮ್ಮಗ ಅದನ್ನು ಕಲಿಯುವುದೆಲ್ಲಿ?

ಬಿಡದೇ ಇದ್ದ ಕಾಲವೂ ಇತ್ತು. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು. ಸೋಲಿಗರ ಬೇಸಾಯ, ಬೇಟೆ ನಿಂತವು, ಅವರು ಹಾಕುತ್ತಿದ್ದ ತರಗು ಬೆಂಕಿಯೂ ನಿಂತಿತು. ಬೇಸಿಗೆ ಬಲಿಯುವ ಮುಂಚೆಯೇ ನೆಲದ ಒಣ ಎಲೆ ಮಾತ್ರ ಉರಿದುಹೋಗುವ ಸಣ್ಣ ಬೆಂಕಿ ಅದು. ಅದು ನಿಂತ ಮೇಲೆಯೇ ಲಂಟಾನ ಕಾಡೆಲ್ಲ ಹಬ್ಬಿತು, ನೆಲ್ಲಿ ಮರಗಳಿಗೆ ಉಪ್ಪಿಲು, ಅಂದರೆ ಬಂದಳಿಕೆ, ಹತ್ತಿಕೊಂಡಿತು ಅಂತ ಹಿರಿಯರು ಹೇಳುತ್ತಾರೆ. ಲಂಟಾನದ ಪೊದೆ ಕೆಳಗೆ ಬೇರೆ ಗಿಡ ಏಳುವುದು ಕಷ್ಟ. ಮದ್ದಿನ ಗಿಡಗಳದ್ದೂ ಅದೇ ಕತೆ. 2000ದ ದಶಕದಲ್ಲಿ ಮಾರಾಟಕ್ಕೆ ಜೇನು, ನೆಲ್ಲಿಕಾಯಿ ತರುವುದಕ್ಕೂ ತಡೆ ಬಿತ್ತು, ಮನೆಯ ಸಂಪಾದನೆಗೇ ಪೆಟ್ಟಾಯಿತು.

ಅದಕ್ಕೇ ನನಗೆ ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ದಾರಿ ಇಷ್ಟ. ಅವರು ಬಂದದ್ದು ಡಾಕ್ಟರಾಗಿ. ಆದರೆ ಬರೀ ಔಷಧಿ ಕೊಟ್ಟರೆ ಮುಗಿಯುವ ಕೆಲಸ ಅಲ್ಲ ಅಂತ ಬೇಗ ಗೊತ್ತಾಯಿತು. ಆಸ್ಪತ್ರೆ ಜೊತೆಗೆ ಶಾಲೆ ಬಂತು, ಸೋಲಿಗರ ಸಂಘಟನೆ ಬಂತು, ಸೋಲಿಗ ಹೆಣ್ಣುಮಕ್ಕಳೇ ತರಬೇತಿ ಪಡೆದು ನರ್ಸುಗಳಾಗಿ ಪೋಡುಗಳಿಗೆ ಹೋದರು. 1994ರಲ್ಲಿ ಈ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಸಿಕ್ಕಿತು. ಪ್ರಶಸ್ತಿ ಇರಲಿ, ನಾಟಿ ಮದ್ದನ್ನು ಆಚೆ ತಳ್ಳದೆ ಆಸ್ಪತ್ರೆ ಕಟ್ಟಬಹುದು ಅಂತ ತೋರಿಸಿದ್ದು ನನಗೆ ದೊಡ್ಡದು.

ಹಾಗಂತ ಎಲ್ಲಕ್ಕೂ ಬೇರು ನಾರೇ ಸಾಕು ಅನ್ನುವವರ ಜೊತೆ ನಾನಿಲ್ಲ. ನಾಗರವೋ ಕೊಳಕುಮಂಡಲವೋ ಕಚ್ಚಿದರೆ ಬೇಕಾದದ್ದು ಆಸ್ಪತ್ರೆಯ ವಿಷನಿರೋಧಕ ಚುಚ್ಚುಮದ್ದು, ಅದೂ ಆದಷ್ಟು ಬೇಗ. ಸೊಪ್ಪು ಅರೆಯುತ್ತಾ ಕೂತರೆ ಜೀವ ಹೋಗುತ್ತದೆ. ಒಳ್ಳೆಯ ನಾಟಿ ವೈದ್ಯರು ಇದನ್ನು ತಾವೇ ಹೇಳಿ ಗಾಡಿ ಹತ್ತಿಸಿ ಕಳಿಸುತ್ತಾರೆ. ಊರಿನವರು ಅವರ ಮಾತು ಕೇಳುತ್ತಾರೆ ಅನ್ನುವುದೇ ಇಲ್ಲಿ ದೊಡ್ಡ ಬಲ, ಅಲ್ವಾ?

ಇನ್ನು ಹಕ್ಕಿನ ವಿಷಯ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಕಾಡನ್ನು ಬಳಸುವ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಸೋಲಿಗರು ಮೊದಲಿಗರು. ಸುಮ್ನೆ ಬಂದದ್ದಲ್ಲ. ತಮ್ಮ ದೇವರ ಜಾಗ, ಕಲ್ಲು, ಹಳ್ಳ, ಹಳೇ ಪೋಡುಗಳನ್ನೆಲ್ಲ ತಾವೇ ಗುರುತಿಸಿ ನಕ್ಷೆಗೆ ಏರಿಸಿದ್ದರು.

ಹಾಗಾಗಿ ಗಿಡಮೂಲಿಕೆ ದಾಖಲಾತಿಗೆ ಅಂತ ಪೋಡಿಗೆ ಹೋಗುವ ಗೆಳೆಯರಿಗೆ ನನ್ನದೊಂದು ಕೋರಿಕೆ. ಮೊದಲು ಗ್ರಾಮಸಭೆಯವರ ಜೊತೆ ಕೂತು ಮಾತಾಡಿ, ಅವರು ಒಪ್ಪಿದರೆ ಮಾತ್ರ ಬರೆದುಕೊಳ್ಳಿ. ಬರೆದದ್ದರ ಒಂದು ಪ್ರತಿ ಕನ್ನಡದಲ್ಲೇ ಅವರ ಕೈಗೆ ಕೊಡಿ. ಕಾಡಿಗೆ ಹೋಗುವ ದಿನ ತಾತನ ಜೊತೆ ಪೋಡಿನ ಹುಡುಗರನ್ನೂ ಕರೆದುಕೊಳ್ಳಿ, ತಾತನಿಗೆ ಆ ದಿನದ ಕೂಲಿ ಕೊಡುವುದನ್ನು ಮರೆಯಬೇಡಿ.