ಮೈಲ್ 104ರಿಂದ ಕೆಳಗೆ

ಇವತ್ತು ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಊರಿಗೆ ಹೋಗಿ ಹೊಲದಾಗ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಂಜೆ ಬಸ್ಸಿಗೆ ರಾಯಚೂರಿಗೆ ವಾಪಸಾದೆ. ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಒಂದು ಡಬ್ಬಿ ಗುರೆಳ್ಳು ಚಟ್ನಿ. ಶೇಂಗಾ ಹೋಳಿಗೆ ನಾಲ್ಕು, ಅವು ಮಗಳಿಗೆ. ನನಗ್ಯಾಕಿಲ್ಲ ಅನ್ನೋದು ಮುಂದೆ ಬರುತ್ತದೆ.

ನಾಳೆ ಡಿಸೆಂಬರ್ 31. ಔಷಧ ಕಂಪನಿಯವರು ಲ್ಯಾಬಿಗೆ ಕೊಟ್ಟು ಹೋಗಿದ್ದ 2024ರ ಡೈರಿಯನ್ನು ಈಗಷ್ಟೇ ತೆಗೆದೆ. ಜನವರಿ 1ರ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಆರು ಗುರಿಗಳಿವೆ, ಒಂದೊಂದರ ಕೆಳಗೂ ಕೆಂಪು ಗೆರೆ. ಜನವರಿ 9ರವರೆಗೆ ದಿನಾ ಟಿಕ್ ಹಾಕಿದ್ದೇನೆ. ಆಮೇಲೆ ಒಂದು ಪುಟದಲ್ಲಿ ಹಾಲಿನ ಲೆಕ್ಕ, ಇನ್ನೊಂದರಲ್ಲಿ ಗ್ಯಾಸ್ ಬುಕ್ ಮಾಡಿದ ನಂಬರು, ಉಳಿದದ್ದೆಲ್ಲ ಖಾಲಿ.

ಆರರಲ್ಲಿ ಪೂರ್ತಿ ಆದದ್ದು ಒಂದೇ, ಗಾಡಿ ಸಾಲ ತೀರಿದ್ದು. ಅದೂ ನನ್ನ ಸಾಧನೆಯಲ್ಲ, ಕಂತು ತಾನಾಗೇ ಬ್ಯಾಂಕಿನಿಂದ ಕಟ್ ಆಗುತ್ತಿತ್ತು. ಹನ್ನೆರಡು ಪುಸ್ತಕ ಓದುತ್ತೇನೆ ಅಂದವನು ಎರಡು ಓದಿದೆ, ಮೂರನೆಯದು ಇನ್ನೂ ದಿಂಬಿನ ಪಕ್ಕದಲ್ಲಿ ಬೋರಲು ಬಿದ್ದಿದೆ. ರಾತ್ರಿ ಹತ್ತರ ಮೇಲೆ ಫೋನ್ ಮುಟ್ಟುವುದಿಲ್ಲ ಎಂದು ಬರೆದಿದ್ದೆ. ಆ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ನಾಲ್ಕನೆಯದು ದಿನಾ ಮಾವಿನಕೆರೆ ಸುತ್ತ ನಡೆಯುವುದು. ಜನವರಿಯಲ್ಲಿ ಒಂಬತ್ತು ದಿನ ನಡೆದೆ. ಫೆಬ್ರುವರಿಯಲ್ಲಿ ಮಗಳ ಎಸ್ಸೆಸ್ಸೆಲ್ಸಿ ನೆಪ, ಏಪ್ರಿಲ್ಲಿನಲ್ಲಿ ಬಿಸಿಲಿನ ನೆಪ. ರಾಯಚೂರಿನ ಬಿಸಿಲಿನ ನೆಪವನ್ನು ಯಾರೂ ತಳ್ಳಿಹಾಕಲಾರರು ಬಿಡಿ. 43 ಡಿಗ್ರಿ ದಾಟಿದ ಊರಲ್ಲಿ ಬೆಳಿಗ್ಗೆ ಏಳಕ್ಕೇ ಡಾಂಬರು ಕಾವಲಿಯಾಗಿರುತ್ತದೆ. ಆದರೆ ಐದೂವರೆಗೆ ಎದ್ದಿದ್ದರೆ ನಡೆಯಬಹುದಿತ್ತು ಅನ್ನುವುದೂ ಖರೇ. ವರ್ಷದಲ್ಲಿ ಒಂದೇ ಒಂದು ಸಲ ಚೆನ್ನಾಗಿ ನಡೆದದ್ದು ಜೂನ್ ತಿಂಗಳ ಒಂದು ಭಾನುವಾರ, ಪರೀಕ್ಷೆ ಮುಗಿಸಿ ಪಾಸಾಗಿದ್ದ ಮಗಳು ಕೋಟೆ ನೋಡೋಣ ಅಂದಾಗ. ಹದಿನೆಂಟು ವರ್ಷದಿಂದ ಈ ಊರಲ್ಲಿದ್ದೇನೆ, ಕೋಟೆ ಗೋಡೆಯ ಬುಡದಲ್ಲೇ ಚಹಾ ಕುಡಿದಿದ್ದೇನೆ, 1294ರ ಆ ಶಾಸನದ ಕಲ್ಲನ್ನು ನೋಡಿರಲಿಲ್ಲ. 41 ಅಡಿ ಉದ್ದದ ಒಂದೇ ಕಲ್ಲು. ಅದನ್ನು ಬಂಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೀರಿದ್ದಾರೆ. ಮಗಳು ಅದನ್ನೇ ನೋಡುತ್ತ ನಿಂತಳು. "ಅಪ್ಪಾ, ಕೋಟೆ ಕಟ್ಟಿದ್ದು ದೊಡ್ಡದಲ್ಲ ಬಿಡು, ಈ ಕಲ್ಲು ತಂದವರಿಗೆ ಊಟ ಏನ್ ಹಾಕಿರಬೇಕು?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಐದನೆಯದನ್ನು ಬರೆಯಲು ನಾಚಿಕೆ. ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ ಏಮ್ಸ್ ರಾಯಚೂರಿಗೇ ಬರಬೇಕೆಂದು 2022ರ ಮೇ 13ರಿಂದ ಇಲ್ಲಿ ಧರಣಿ ನಡೆದಿದೆ, ಒಂಬೈನೂರು ದಿನ ದಾಟಿದೆ. ರೋಗಿಯನ್ನು ಹೈದರಾಬಾದಿಗೆ ಒಯ್ಯಲು ಅಂಬುಲೆನ್ಸಿಗೆ ದುಡ್ಡು ಹೊಂದಿಸುವವರ ಮುಖವನ್ನು ಲ್ಯಾಬಿನ ಕಿಟಕಿಯಿಂದ ವಾರಕ್ಕೆ ಎರಡು ಸಲವಾದರೂ ನೋಡುವವನು ನಾನು. ಒಂದು ದಿನ, ಒಂದೇ ಒಂದು ದಿನ ಆ ಟೆಂಟಿನಲ್ಲಿ ಕೂರಬೇಕೆಂದು ಬರೆದಿದ್ದೆ. ಗಾಡಿ ಮೇಲೆ ಹೋಗುವಾಗ ಕೈ ಮಾಡಿದ್ದೇನೆ. ಅವರೂ ಕೈ ಮಾಡಿದ್ದಾರೆ. ಅಷ್ಟೇ.

ಆರನೆಯದು ತಿಂಗಳಿಗೆ ಎರಡು ಭಾನುವಾರ ಊರಿಗೆ ಹೋಗುವುದು. ಜುಲೈ ಮುಗಿಯುವ ತನಕ ಹೋದದ್ದು ಒಟ್ಟು ಮೂರು ಸಲ, ಯುಗಾದಿಯೂ ಸೇರಿ.

ನನ್ನ ಕೆಲಸ ಏನೆಂದು ಹೇಳಲೇ ಇಲ್ಲ. ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ಮಂದಿಯ ರಕ್ತ ತೆಗೆಯುತ್ತಿದ್ದೇನೆ. ಸಕ್ಕರೆ ಪರೀಕ್ಷೆಗೆ ಬರುವವರು ಹಿಂದಿನ ಎರಡು ದಿನ ಅನ್ನ ಬಿಟ್ಟು, ಚಹಾ ಬಿಟ್ಟು, ಸನ್ಯಾಸಿಯಂತೆ ಬಂದು ತೋಳು ಚಾಚುತ್ತಾರೆ. ಉಪವಾಸದ ಸಕ್ಕರೆ ಕಡಿಮೆ ಬಂದರೆ ಖುಷಿಯಿಂದ ಹೊರಗೆ ಹೋಗಿ ಮಿರ್ಚಿ ತಿನ್ನುತ್ತಾರೆ. ಅಂಥವರಿಗೆಂದೇ ಎಚ್‌ಬಿಎ1ಸಿ ಎಂಬ ಪರೀಕ್ಷೆ ಇದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ರಕ್ತದಲ್ಲಿ ಎಷ್ಟು ಸಕ್ಕರೆ ಓಡಾಡಿತೋ ಅದರ ಅಂಟು ಹಿಮೋಗ್ಲೋಬಿನ್ನಿಗೆ ಹತ್ತಿಕೊಂಡಿರುತ್ತದೆ. ಎರಡು ದಿನದ ಸನ್ಯಾಸಕ್ಕೆ ಅದು ಜಗ್ಗುವುದಿಲ್ಲ. ಎರಡು ಮೂರು ತಿಂಗಳ ಬಾಳುವೆಯನ್ನು ಒಂದೇ ಅಂಕಿಯಲ್ಲಿ ಹೇಳಿಬಿಡುತ್ತದೆ. 6.5 ಮತ್ತು ಅದಕ್ಕೆ ಮೇಲೆ ಬಂದರೆ ಮಧುಮೇಹ.

ಜುಲೈ ಕೊನೆಗೆ ಒಂದು ಮಳೆಯ ಮಧ್ಯಾಹ್ನ. ಪೇಷಂಟ್ ಇರಲಿಲ್ಲ, ಮಷೀನು ಖಾಲಿ. ರಾತ್ರಿ ನಾಲ್ಕು ಸಲ ಏಳುತ್ತಿದ್ದೆ, ಕಾರಣ ನನಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದೆ. ಜೊತೆಗಿರುವ ಹುಡುಗಿಗೆ ತೋಳು ಚಾಚಿ, ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಕೊಟ್ಟೆ. 8.4.

ಇನ್ನೊಮ್ಮೆ ಹಾಕು ಅಂದೆ. ಹದಿನಾಲ್ಕು ವರ್ಷದಲ್ಲಿ ಎಷ್ಟು ಮಂದಿ ನನಗೆ ಈ ಮಾತು ಹೇಳಿಲ್ಲ! "ಮಷೀನ್ ಸರಿ ಐತೇನ್ರಿ?" ಎಂದು ಕೇಳಿದವರನ್ನು ನಾನು ನಕ್ಕು ಕಳಿಸಿದ್ದೇನೆ. ಎರಡನೇ ಸಲವೂ 8.4.

ಮನೆಯಲ್ಲಿ ಹೇಳಿದೆ. ಊರಿಗೆ ಹೇಳಲಿಲ್ಲ. ಹದಿನೈದು ದಿನ ಗುಳಿಗೆ ನುಂಗುತ್ತ, ಯಾವಾಗ ಹೇಳಲಿ ಎಂದು ಯೋಚಿಸುತ್ತಿದ್ದಾಗ ಆಗಸ್ಟ್ 11ರ ಭಾನುವಾರ, ಬೆಳಕು ಹರಿಯುವ ಮುಂಚೆ ಅಪ್ಪನ ಫೋನ್ ಬಂತು.

"ಹತ್ತೊಂಬತ್ತನೇ ಗೇಟ್ ಹೋಗೈತಂತೋ. ಚೈನ್ ಹರದೈತಂತ."

ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಮಾತ್ರ ಈ ಮಾತಿನ ತೂಕ ಗೊತ್ತು. ನಮ್ಮ ನಾಲ್ಕು ಎಕರೆ ಇರುವುದು ಸಿರವಾರದ ಕಡೆ. ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲ ಕುಡಿದು ಉಳಿಸಿದರೆ ನಮಗೆ. ಬೇರೆ ಮಂದಿ ಕ್ರಿಕೆಟ್ ಸ್ಕೋರ್ ಕೇಳಿದಂತೆ ನಮ್ಮ ಕಡೆ ಗೇಜ್, ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ, ಕೇಳುತ್ತಾರೆ. ಕಾಲುವೆಯ ಮೈಲ್ 69ರಲ್ಲಿ ಎಷ್ಟು, 104ರಲ್ಲಿ ಎಷ್ಟು. ಅಪ್ಪ ನೆಲ್ಲಿನ ಆಸೆ ಬಿಟ್ಟು ಬಹಳ ವರ್ಷ ಆಯಿತು, ಈಗ ಎರಡೆಕರೆ ಹತ್ತಿ, ಎರಡೆಕರೆ ಬಿಳಿಜೋಳ. ಆದರೂ ಗೇಜ್ ಕೇಳುವುದು ಬಿಟ್ಟಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಡ್ಯಾಮು ತುಂಬಲಿಲ್ಲ, ಎರಡನೇ ಬೆಳೆಗೆ ನೀರೇ ಇರಲಿಲ್ಲ. ಈ ಸಲ ನೂರೈದು ಟಿಎಂಸಿ ತುಂಬಿತ್ತು. ತುಂಬಿ ನಿಂತ ಮೇಲೆ ಗೇಟು ಕೊಚ್ಚಿಹೋಯಿತು. ಒಂದರ ಮೇಲಿನ ಒತ್ತಡ ಇಳಿಸಲು 33 ಗೇಟಿನಿಂದಲೂ ನೀರು ಬಿಟ್ಟರು.

ಅಪ್ಪ 1953ರಲ್ಲಿ ಹುಟ್ಟಿದವನು, ಡ್ಯಾಮಿನಲ್ಲಿ ನೀರು ನಿಂತ ವರ್ಷ. "ನಾನೂ ಡ್ಯಾಮೂ ಒಂದ ವಾರಿಗಿ" ಎಂದು ಸದಾ ಹೇಳುವವನು ಆ ದಿನ ಬೇರೆ ರೀತಿ ಹೇಳಿದ: "ನನ್ನ ಮಣಕಾಲು ಹೋದ್ವು. ಅದರ ಚೈನ್ ಹೋತು."

ಆ ವಾರ ದಿನಕ್ಕೆ ನಾಲ್ಕು ಸಲ ಮಾತಾಡಿದೆವು. ಡ್ಯಾಮ್ ಗೇಟಿನ ಪರಿಣತ ಕನ್ನಯ್ಯ ನಾಯ್ಡು ಬಂದರಂತೆ, ಗೇಟಿನ ತುಂಡುಗಳನ್ನು ಮಾಡಿಸುತ್ತಿದ್ದಾರಂತೆ, ಹರಿಯುವ ನೀರಿನಲ್ಲೇ ಇಳಿಸುತ್ತಾರಂತೆ, ಆಗುವ ಕೆಲಸವಾ ಅದು? ನಾನು ಮೊಬೈಲಿನಲ್ಲಿ ಸುದ್ದಿ ನೋಡಿ ಹೇಳುವುದು, ಅಪ್ಪ ನಂಬದಿರುವುದು. ಆಗಸ್ಟ್ 16ರ ರಾತ್ರಿ ಮೊದಲ ತುಂಡು ಕೂತಿತು, ಮರುದಿನಕ್ಕೆ ಐದೂ ಕೂತವು. ಫೋನಿನಲ್ಲಿ ಅಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ, ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಹಿಂದಿನ ಏಳು ತಿಂಗಳಲ್ಲಿ ನಾವಿಬ್ಬರೂ ಒಟ್ಟು ಆಡಿದ್ದಕ್ಕಿಂತ ಹೆಚ್ಚು ಮಾತು ಆ ಏಳು ದಿನದಲ್ಲಿ ಆಗಿತ್ತು. ಆಗಲೇ ಹೇಳಿದೆ, "ಅಪ್ಪಾ, ನನಗ ಸಕ್ಕರಿ ಬಂದೈತಿ."

"ಅನ್ನ ತಿಂದು ತಿಂದು" ಅಂದ. ಅಷ್ಟೇ.

ಮುಂದಿನ ಭಾನುವಾರ ಊರಿಗೆ ಹೋಗಿ ಅವನ ರಕ್ತವನ್ನೂ ತಂದು ಹಾಕಿದೆ. ಎಪ್ಪತ್ತೊಂದರ ಅಪ್ಪನದು 5.6, ನಲವತ್ನಾಲ್ಕರ ಮಗನದು 8.4. ಈ ಅಂಕಿಯನ್ನು ಅವನು ಊರ ಕಟ್ಟೆಯ ಮೇಲೆ ಎಷ್ಟು ಮಂದಿಗೆ ಹೇಳಿದ್ದಾನೋ ಲೆಕ್ಕವಿಲ್ಲ. ಜೋಳದ ರೊಟ್ಟಿಯ ಮಹಿಮೆ ಅನ್ನುತ್ತಾನೆ. ಮೂರು ಹೊತ್ತೂ ರೊಟ್ಟಿ ತಿಂದೂ ಒಂಬತ್ತರ ಮೇಲೆ ಬಂದವರ ರಿಪೋರ್ಟಿಗೆ ನಾನೇ ಸಹಿ ಹಾಕಿದ್ದೇನೆ, ಆ ಮಾತು ಅವನ ಮುಂದೆ ಎತ್ತುವುದಿಲ್ಲ. ಅವನು ದಿನಾ ಹೊಲಕ್ಕೆ ನಡೆದು ಹೋಗಿ ನಡೆದು ಬರುತ್ತಾನೆ. ನಾನು ಕೆರೆ ಸುತ್ತಲೂ ಗಾಡಿ ಮೇಲೆ ಹೋಗುತ್ತೇನೆ.

ಇವತ್ತು ಚರಗದ ವಿಷಯಕ್ಕೆ ಬರುತ್ತೇನೆ. ಜೋಳ ಎದೆಮಟ್ಟ ಬಂದಿದೆ. ಅಪ್ಪ ಮುಂದೆ ನೀರು ಚಿಮುಕಿಸುತ್ತ, ನಾನು ಹಿಂದೆ ಬುಟ್ಟಿ ಹಿಡಿದು "ಹುಲಿಗ್ಯೋ... ಹುಲಿಗ್ಯೋ" ಎಂದು ಕೂಗುತ್ತ ಹೊಲ ಸುತ್ತಿದೆವು. ಊಟಕ್ಕೆ ಕೂತಾಗ ಡೈರಿಯ ಕತೆ ಹೇಳಿದೆ. ಆರು ಗುರಿ ಬರೆದೆ, ಮನಸು ಗಟ್ಟಿ ಮಾಡಿದೆ, ಆಗಲಿಲ್ಲ ಅಂದೆ. ಅಪ್ಪ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡು ಕಾಲುವೆ ಕಡೆ ಕೈ ಮಾಡಿದ.

"ಮ್ಯಾಲಿನ ಹೊಲದವ ಒಳ್ಳೇವ ಆಗ್ತಾನ ಅಂತ ನಾವು ನಲವತ್ತ ವರ್ಷ ಕಾದ್ವಿ. ಆದ್ನೇನು? ಅವನೇನ್ ಕೆಟ್ಟವ ಅಲ್ಲಪ, ಹೊಲದ ಮುಂದ ನೀರ್ ಹರದ್ರ ನಾನಾದ್ರೂ ತಿರುವಿಕೊಳ್ಳಾವನ. ವಾರಬಂದಿ ಮಾಡಿ, ನೀರಿಗೆ ಪಾಳಿ ಹಚ್ಚಿ ತೂಬಿಗೆ ಬೀಗ ಹಾಕಿದ ದಿನ ಮಾತ್ರ ನಮಗ ನೀರ್ ಬಂದಾವ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇದನ್ನೇ ಯೋಚಿಸಿದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಫೋನಿನ ತೂಬು ತೆರೆಯುತ್ತದೆ, ಆಮೇಲೆ ಲ್ಯಾಬು, ಆಮೇಲೆ ಮತ್ತೆ ಫೋನು. ನಡೆಯುವುದು, ಓದುವುದು, ಊರು, ಆ ಟೆಂಟು ಎಲ್ಲ ಮೈಲ್ 104ರಿಂದ ಕೆಳಗೆ. ಗೇಜ್ ಅಲ್ಲಿಗೆ ಬರುವುದೇ ಇಲ್ಲ. ನಾನು ಕೆಳಗಿನ ಹೊಲದಲ್ಲಿ ನಿಂತು ಮನಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ.

ಹಾಗಾಗಿ 2025ಕ್ಕೆ ಗುರಿ ಬರೆದಿಲ್ಲ, ಬೀಗ ಬರೆದಿದ್ದೇನೆ. ರಾತ್ರಿ ಹತ್ತಕ್ಕೆ ನನ್ನ ಫೋನು ಅಡುಗೆಮನೆಯ ಜೋಳದ ಡಬ್ಬಿಯ ಮೇಲೆ, ಅಲಾರಂಗೆ ಬೇರೆ ಗಡಿಯಾರ ತಂದಾಗಿದೆ. 140 ರೂಪಾಯಿ, ಟಿಕ್ ಟಿಕ್ ಸದ್ದು ಬಹಳ. ಗಾಡಿಯ ಕೀಲಿ ಬೆಳಿಗ್ಗೆ ಏಳರವರೆಗೆ ಹೆಂಡತಿಯ ಹತ್ತಿರ, ಹಾಲಿಗೂ ನಡೆದೇ ಹೋಗಬೇಕು. ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರದ ನನ್ನ ಪಾಳಿಯನ್ನು ಲ್ಯಾಬಿನ ಹುಡುಗಿಗೆ ಬಿಟ್ಟು, ಅವಳ ಎರಡು ಶನಿವಾರ ನಾನು ತೆಗೆದುಕೊಂಡೆ. ರಿಜಿಸ್ಟರಿನಲ್ಲಿ ಬರೆಸಿದ್ದೇನೆ, ಇನ್ನು ತಪ್ಪಿಸಿದರೆ ಅವಳ ಜೊತೆ ಜಗಳ. ಟೆಂಟಿಗೆ ಜನವರಿಯ ಮೊದಲ ಶುಕ್ರವಾರ ರಜಾ ಹಾಕಿಯಾಗಿದೆ, ಕಾರಣದ ಜಾಗದಲ್ಲಿ ಇದ್ದದ್ದನ್ನೇ ಬರೆದೆ. ಜನವರಿ 15ಕ್ಕೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ದಾಸೋಹಕ್ಕೆ ನಮ್ಮೂರಿನಿಂದ ಹೋಗುವ ರೊಟ್ಟಿಯ ಟ್ರ್ಯಾಕ್ಟರಿನಲ್ಲಿ ಅಪ್ಪನಿಗೂ ನನಗೂ ಜಾಗ ಹೇಳಿದೆ. ಅವನಿಗೆ ಮಣಕಾಲಿನ ಚಿಂತೆ, ನನಗೆ ಅಲ್ಲಿ ಸಿಹಿ ಮಾದಲಿ ಬಡಿಸುವವರಿಗೆ ಬೇಡ ಅನ್ನುವ ಚಿಂತೆ.

ನವೆಂಬರಿನಲ್ಲಿ ಎಚ್‌ಬಿಎ1ಸಿ 7.3ಕ್ಕೆ ಇಳಿದಿತ್ತು. ಮಾರ್ಚ್ 31ಕ್ಕೆ ಮತ್ತೊಮ್ಮೆ ತೋಳು ಚಾಚುತ್ತೇನೆ, ಏಳರೊಳಗೆ ಬರಬೇಕು. ಡ್ಯಾಮು ಸೆಪ್ಟೆಂಬರಿಗೆ ಮತ್ತೆ ತುಂಬುತ್ತ ಬಂತು, ಎರಡನೇ ಬೆಳೆಗೂ ನೀರು ಅಂದಿದ್ದಾರೆ. ನಮ್ಮ ಜೋಳಕ್ಕೆ ಒಂದು ನೀರು ಸಿಕ್ಕರೂ ಸಾಕು.

ಪುಸ್ತಕದ ಬೀಗ ಇನ್ನೂ ಹೊಳೆದಿಲ್ಲ. ದಿಂಬಿನ ಪಕ್ಕದ್ದನ್ನು ಮೊದಲು ಮುಗಿಸುತ್ತೇನೆ.

ಅಡುಗೆಮನೆಯಿಂದ ಮಗಳು ಕೂಗುತ್ತಿದ್ದಾಳೆ. ಅಜ್ಜಿ ಫೋನಿನಲ್ಲಿ ನಾಲ್ಕು ಹೋಳಿಗೆ ಅಂದಿದ್ದಳಂತೆ, ಡಬ್ಬಿಯಲ್ಲಿ ಮೂರೇ ಇವೆಯಂತೆ. ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿ ಪಕ್ಕ ಒಬ್ಬನೇ ಕೂತಿದ್ದೆ ಎಂದು ಆಗಲೇ ಹೇಳಿದೆನಲ್ಲ.