ಮುಯ್ಯಾಳಿನ ಊರಲ್ಲಿ ಕೊಯ್ಲಿನ ದಿನ

ರಾತ್ರಿ ಮಲಗುವ ಮುಂಚೆ ಅಕ್ಕಿ ನೆನೆಹಾಕಲು ಮರೆತರೆ ಮರುದಿನ ಕೊಯ್ಲಿಗೆ ಬಂದವರಿಗೆ ಊಟವಿಲ್ಲ. ಈಶಾನ್ಯ ಥಾಯ್ಲೆಂಡಿನ ಇಸಾನ್ ಸೀಮೆಯ ಹಳ್ಳಿಗೆ ಬಾಳಲು ಹೋದ ಹೊರದೇಶದವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಲೆಕ್ಕ ಇದು. ಅಲ್ಲಿ ಮನೆಮಂದಿ ಉಣ್ಣುವುದು ಅಂಟು ಅಕ್ಕಿ, ಅವರ ಮಾತಿನಲ್ಲಿ ಖಾವ್ ನಿಯಾವ್. ಅದನ್ನು ಕುದಿಸುವುದಿಲ್ಲ, ಹಬೆಯಲ್ಲಿ ಬೇಯಿಸುತ್ತಾರೆ. ನೆನೆಯುವಾಗ ಎಷ್ಟು ನೀರು ಕುಡಿಯಿತೋ ಅಷ್ಟೇ ಅದರ ಪಾಲು. ಆರು ಗಂಟೆ ನೆನೆಯದ ಅಕ್ಕಿಯನ್ನು ಎಷ್ಟು ಹೊತ್ತು ಹಬೆಗಿಟ್ಟರೂ ಕಾಳಿನ ನಡುವೆ ಸುಣ್ಣದ ಚುಕ್ಕಿಯಂತೆ ಗಟ್ಟಿ ಉಳಿಯುತ್ತದೆ.

ನವೆಂಬರ್ ಮೂರನೆಯ ವಾರ. ರೊಯ್ ಎಟ್ ಪ್ರಾಂತ್ಯದ ದಕ್ಷಿಣದ ಬಯಲು. ಥುಂಗ್ ಕುಲಾ ರೊಂಗ್ ಹಾಯ್ ಎಂಬ ಈ ಬಯಲು ಐದು ಪ್ರಾಂತ್ಯಗಳಿಗೆ ಹರಡಿದೆ. ಹೆಸರಿನ ಅರ್ಥ ‘ಕುಲಾ ಜನ ಅತ್ತ ಬಯಲು’. ಸರಕು ಹೊತ್ತು ವ್ಯಾಪಾರಕ್ಕೆ ಹೋಗುತ್ತಿದ್ದ ಕುಲಾ ಜನ ನೀರೂ ನೆರಳೂ ಇಲ್ಲದ ಈ ನೆಲ ದಾಟಲಾರದೆ ಅತ್ತರಂತೆ. ಇವತ್ತು ಕಣ್ಣು ಹಾಯುವವರೆಗೂ ಹೊಂಬಣ್ಣದ ಭತ್ತ.

ಬೆಳಗಿನ ಜಾವ ನಾಲ್ಕೂವರೆಗೆ ಒಲೆ ಹೊತ್ತುತ್ತದೆ. ಕುತ್ತಿಗೆ ಸಣ್ಣದಾಗಿ ಬಾಯಿ ಅಗಲವಾದ ಅಲ್ಯೂಮಿನಿಯಂ ಪಾತ್ರೆ. ಅದರ ಬಾಯಿಗೆ ಕೂರಿಸುವ ಬಿದಿರಿನ ಶಂಕುವಿನಾಕಾರದ ಬುಟ್ಟಿಗೆ ಹುವತ್ ಎನ್ನುತ್ತಾರೆ. ನೀರು ಬುಟ್ಟಿಯ ತುದಿಗೆ ಮುಟ್ಟಬಾರದು, ಮುಟ್ಟಿದರೆ ಅಡಿಯ ಅಕ್ಕಿ ಅಂಬಲಿಯಾಗುತ್ತದೆ. ಹತ್ತು ಹನ್ನೆರಡು ಆಳಿಗೆ ಮೂರು ಕಿಲೋ ಒಣ ಅಕ್ಕಿ ಬೇಕು. ಹೊಸಬರು ತಪ್ಪುವುದು ಪಾತ್ರೆಗೂ ಬುಟ್ಟಿಗೂ ನಡುವಿನ ಸಂದಿನಲ್ಲಿ. ಹಬೆ ಅಲ್ಲಿಂದಲೇ ಸೋರಿಹೋಗಿ ಮೇಲಿನ ಅಕ್ಕಿ ಬೇಯುವುದಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ಸಡಿಲವಾದಾಗ ನಮ್ಮಲ್ಲಿ ಮಾಡುವ ಹಾಗೆಯೇ ಒದ್ದೆ ಬಟ್ಟೆಯನ್ನು ಸಂದಿಗೆ ಸುತ್ತಬೇಕು. ಹದಿನೈದು ನಿಮಿಷಕ್ಕೆ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಎಗರಿಸಿದರೆ ಅಕ್ಕಿಯೆಲ್ಲ ಒಂದೇ ಮುದ್ದೆಯಾಗಿ ಮಗುಚಿ ಬೀಳುತ್ತದೆ. ಇನ್ನೂ ಹತ್ತು ಹದಿನೈದು ನಿಮಿಷ, ಕಾಳು ಗಾಜಿನಂತೆ ಹೊಳೆಯುವ ತನಕ.

ಬೆಂದದ್ದನ್ನು ಹಾಗೇ ಡಬ್ಬಿಗೆ ತುಂಬುವಂತಿಲ್ಲ. ಅಗಲವಾದ ಮರದ ತಟ್ಟೆಗೆ ಸುರಿದು ಮರದ ಸಟ್ಟುಗದಿಂದ ಹರಡಿ, ಮಗುಚಿ, ಹಬೆ ಬಿಡಿಸಬೇಕು. ಇಲ್ಲದಿದ್ದರೆ ಬೆವತು ಅಂಟಂಟಾಗುತ್ತದೆ. ಆಮೇಲೆ ಕ್ರತಿಪ್ ಎಂಬ ಮುಚ್ಚಳದ ಬಿದಿರು ಬುಟ್ಟಿಗೆ ತುಂಬಿದರೆ ಬಿದಿರು ತೇವ ಹೀರಿಕೊಂಡು ಅನ್ನವನ್ನು ಮಧ್ಯಾಹ್ನದವರೆಗೂ ಮೆತ್ತಗೆ ಇಡುತ್ತದೆ. ಪ್ಲಾಸ್ಟಿಕ್ ಡಬ್ಬಿ ಈ ಕೆಲಸ ಮಾಡುವುದಿಲ್ಲ.

ಮೊದಲ ಬಿಸಿ ಅನ್ನ ಭಿಕ್ಷುಗಳಿಗೆ. ಆರು ಗಂಟೆಯ ಸುಮಾರಿಗೆ ಅವರು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಚಪ್ಪಲಿ ಬಿಟ್ಟು, ಮೊಣಕಾಲೂರಿ, ಅನ್ನದ ಚಿಕ್ಕ ಉಂಡೆಯನ್ನು ಪಾತ್ರೆಗೆ ಹಾಕಬೇಕು. ಹೆಂಗಸರು ಭಿಕ್ಷುವನ್ನಾಗಲೀ ಚೀವರವನ್ನಾಗಲೀ ಮುಟ್ಟಬಾರದು. ಇಷ್ಟರೊಳಗೆ ಕಂಬದ ಮೇಲಿನ ಧ್ವನಿವರ್ಧಕ ಶುರುವಾಗಿರುತ್ತದೆ. ಊರಿನ ಮುಖ್ಯಸ್ಥ, ಪೂ ಯಾಯ್ ಬಾನ್, ಯಾರ ಮನೆಯಲ್ಲಿ ಸಾವಾಗಿದೆ, ನೀರಿನ ಬಿಲ್ಲು ಎಂದು ಕಟ್ಟಬೇಕು, ಕೊಯ್ಲಿನ ಯಂತ್ರ ಯಾವ ದಿನ ಬರುತ್ತದೆ ಎಂದು ಹೇಳುವುದು ಅಲ್ಲೇ. ಭಾಷೆ ಲಾವೋಸಿನ ಮಾತಿಗೆ ಹತ್ತಿರದ ಇಸಾನ್, ಪುಸ್ತಕದ ಥಾಯ್ ಕಲಿತು ಬಂದವರಿಗೆ ಅರ್ಧವೂ ಹತ್ತುವುದಿಲ್ಲ. ಪಕ್ಕದ ಮನೆಯವರನ್ನು ಕೇಳಿಕೊಳ್ಳಿ. ಕರೆಂಟು ಹೋಗುವ ಸುದ್ದಿ ಬೇರೆಲ್ಲೂ ಸಿಗದು.

ದಾರಿಯಲ್ಲಿ ಎದುರಾದವರೆಲ್ಲ ‘ಪಾಯ್ ಸಾಯ್?’ ಎನ್ನುತ್ತಾರೆ, ಎಲ್ಲಿಗೆ ಹೊರಟಿರಿ ಎಂದು. ನಮ್ಮಲ್ಲಿ ‘ಊಟ ಆಯ್ತಾ?’ ಎಂದ ಹಾಗೆ. ವಿವರ ಬೇಕಿಲ್ಲ. ‘ಪಾಯ್ ನಾ’, ಗದ್ದೆಗೆ, ಎಂದರೆ ಸಾಕು.

ಊರೆಲ್ಲ ಒಂದೇ ವಾರ ಗದ್ದೆಗೆ ಇಳಿಯುವುದಕ್ಕೆ ಕಾರಣ ತಳಿಯಲ್ಲಿದೆ. ಮಾರಾಟಕ್ಕೆ ಬೆಳೆಯುವುದು ಖಾವ್ ಡೊಕ್ ಮಲಿ 105, 1959ರಲ್ಲಿ ಬಿಡುಗಡೆಯಾದ ಮಲ್ಲಿಗೆ ಅಕ್ಕಿ. ಮಲಿ ಎಂದರೆ ನಮ್ಮ ಮಲ್ಲಿಗೆಯೇ. ಮನೆಯ ಊಟಕ್ಕೆ ಬೆಳೆಯುವುದು ಆರ್‌ಡಿ 6 ಎಂಬ ಅಂಟು ಅಕ್ಕಿ. ಆ ಮಲ್ಲಿಗೆ ಅಕ್ಕಿಯ ಬೀಜಕ್ಕೇ ಗಾಮಾ ಕಿರಣ ಹಾಯಿಸಿ ಪಡೆದ ತಳಿ ಇದು, 1977ರಲ್ಲಿ ಬಂತು. ಎರಡೂ ಹಗಲಿನ ಉದ್ದ ನೋಡಿ ಹೂ ಬಿಡುವ ಜಾತಿ. ಜೂನ್‌ನಲ್ಲಿ ನಾಟಿ ಮಾಡಿದರೂ ಆಗಸ್ಟಿನಲ್ಲಿ ಮಾಡಿದರೂ ಹಗಲು ಕುಗ್ಗಿದ ಅಕ್ಟೋಬರಿನಲ್ಲೇ ಹೂ, ಅಲ್ಲಿಂದ ತಿಂಗಳಿಗೆ ಕೊಯ್ಲು. ಹೀಗಾಗಿ ಎಲ್ಲರ ಭತ್ತ ಒಟ್ಟಿಗೆ ಮಾಗುತ್ತದೆ, ಎಲ್ಲರಿಗೂ ಆಳು ಒಟ್ಟಿಗೆ ಬೇಕಾಗುತ್ತದೆ.

ಅದಕ್ಕೇ ಮುಯ್ಯಾಳು. ಅವರು ಇದನ್ನು ಲೊಂಗ್ ಖ್ಯಾಕ್ ಎನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ ಇದ್ದದ್ದೇ: ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ಇಬ್ಬರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯ ಇಬ್ಬರು. ಕೂಲಿ ಇಲ್ಲ, ಊಟ ಗದ್ದೆಯವರದು. ಖ್ಯಾಕ್ ಎಂದರೆ ನೆಂಟ, ಅತಿಥಿ. ಭಾರತದವರನ್ನು ಅಲ್ಲಿ ಕರೆಯುವುದೂ ಇದೇ ಪದದಿಂದ. ಬಿಳಿಯರಿಗೆ ಫರಾಂಗ್ ಎನ್ನುತ್ತಾರೆ. ಹಳ್ಳಿಯ ಹೆಣ್ಣನ್ನು ಮದುವೆಯಾಗಿ ಬಂದವನು ಮಾತ್ರ ಊರಿಗೇ ಖೇಯ್, ಅಂದರೆ ಅಳಿಯ. ಇಸಾನಿನ ಹಳೆಯ ರೂಢಿಯಲ್ಲಿ ಗಂಡು ಹೆಂಡತಿಯ ಮನೆಗೆ ಹೋಗಿ ಬಾಳುತ್ತಾನೆ, ಮನೆ ಕಿರಿಯ ಮಗಳಿಗೆ ಉಳಿಯುತ್ತದೆ. ಮನೆ ಅಳಿಯತನ ಅಲ್ಲಿ ಅವಮಾನದ ಮಾತಲ್ಲ. ಅಳಿಯ ಎಂದು ಕರೆಸಿಕೊಂಡವನಿಗೆ ಮುಯ್ಯಿಯ ಲೆಕ್ಕವೂ ಅಂಟಿಕೊಳ್ಳುತ್ತದೆ. ಮದುವೆ, ಸಾವು, ಮಠ ಸೇರುವ ಹುಡುಗನ ಉತ್ಸವ, ಯಾವುದಕ್ಕೆ ಹೋದರೂ ಹೆಸರು ಬರೆದ ಲಕೋಟೆಯಲ್ಲಿ ಹಣ ಇಡಬೇಕು. ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ನಿಮ್ಮ ಮನೆಯ ಕಾರ್ಯಕ್ಕೆ ಅಷ್ಟೇ ಹಿಂದಿರುಗುತ್ತದೆ. ಹೊಸಬರು ಉದಾರವಾಗಿ ಎಲ್ಲರಿಗಿಂತ ಹತ್ತು ಪಟ್ಟು ಇಟ್ಟರೆ ಪಡೆದವರ ಮೇಲೆ ತೀರಿಸಲಾಗದ ಹೊರೆ ಬೀಳುತ್ತದೆ. ಮನೆಯ ಹಿರಿಯ ಹೆಂಗಸನ್ನು ಕೇಳಿ ಅವರು ಹೇಳಿದಷ್ಟು ಇಡುವುದೇ ಸರಿ.

ಇನ್ನು, ಹೊರದೇಶದವರು ಕುಡುಗೋಲು ಹಿಡಿಯಬಹುದೇ? ಕೆಲಸದ ಪರವಾನಗಿ ಇಲ್ಲದೆ ವಿದೇಶೀಯರು ಕೆಲಸ ಮಾಡುವಂತಿಲ್ಲ, ನಿವೃತ್ತರ ವಾಸದ ಅನುಮತಿಯಲ್ಲಂತೂ ಕೆಲಸ ನಿಷಿದ್ಧ. ಸಂಬಳವಿಲ್ಲದ ದುಡಿಮೆಯೂ ಕಾನೂನಿನ ಕಣ್ಣಿಗೆ ಕೆಲಸವೇ ಆಗಬಹುದು. ಊಟ, ನೀರು ಸಾಗಿಸುವುದು ಮನೆಯವರಾಗಿ ಮಾಡುವ ಕೆಲಸ, ಅದರಲ್ಲೇ ದಿನ ತುಂಬುತ್ತದೆ. ಜಮೀನೂ ಹಾಗೆಯೇ, ವಿದೇಶೀಯರ ಹೆಸರಿಗೆ ಆಗುವುದಿಲ್ಲ. ಮನೆಯ ಕಟ್ಟಡ ಮಾತ್ರ ಹೆಸರಿಗೆ ಇರಬಹುದು, ನೆಲದ ಮೇಲೆ 30 ವರ್ಷದ ಗುತ್ತಿಗೆಯನ್ನೋ ಜೀವಮಾನದ ಅನುಭೋಗದ ಹಕ್ಕನ್ನೋ ಭೂ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬಹುದು. ನೋಂದಣಿಗೆ ಮುಂಚೆ ಪತ್ರ ಯಾವ ಬಗೆಯದೆಂದು ನೋಡಬೇಕು. ಚನೋಟ್ ಎಂಬುದು ಪೂರ್ಣ ಹಕ್ಕುಪತ್ರ. ಸೊ ಪೊ ಕೊ ಎಂಬುದು ಭೂಸುಧಾರಣೆಯಲ್ಲಿ ಉಳುವವರಿಗೆ ಕೊಟ್ಟ ನೆಲದ ಪತ್ರ, ಅದರ ಮೇಲೆ ಹಣ ಸುರಿದು ಕಷ್ಟಕ್ಕೆ ಸಿಕ್ಕಿಕೊಂಡವರು ಬೇಕಾದಷ್ಟಿದ್ದಾರೆ.

ಗದ್ದೆಯಲ್ಲಿ ಮಲ್ಲಿಗೆ ಅಕ್ಕಿಯ ದೊಡ್ಡ ತಾಕುಗಳಿಗೆ ಈಗ ಯಂತ್ರವೇ. ಒಂದು ರಾಯ್‌ಗೆ ಬಾಡಿಗೆ ಅಲ್ಲಿಯ ಹಣದಲ್ಲಿ 500ರಿಂದ 600 ಬಾತ್ ಆಸುಪಾಸು. ರಾಯ್ ಎಂದರೆ 1600 ಚದರ ಮೀಟರ್, ಎಕರೆಗೆ ಎರಡೂವರೆ. ಮಳೆಯನ್ನೇ ನಂಬಿದ ಈ ನೆಲದಲ್ಲಿ ರಾಯ್‌ಗೆ 350 ಕಿಲೋ ಭತ್ತ ಬಂದರೆ ಒಳ್ಳೆಯ ವರ್ಷ. ಅಂಟು ಅಕ್ಕಿಯ ತಾಕು, ಅದರಲ್ಲೂ ಬೀಜಕ್ಕೆ ಇಡುವ ತಾಕು, ಇವತ್ತಿಗೂ ಕೈಕೊಯ್ಲು. ಯಂತ್ರದ ಹೊಟ್ಟೆಯಲ್ಲಿ ಹಿಂದಿನ ಗದ್ದೆಯ ಕಾಳು ಉಳಿದಿರುತ್ತದೆ. ಮಲ್ಲಿಗೆ ಅಕ್ಕಿ ಬೆರೆತ ಅಂಟು ಅಕ್ಕಿಯನ್ನು ಹಬೆಗಿಟ್ಟರೆ ನಡುನಡುವೆ ಬೇಯದ ಕಾಳು ಹಲ್ಲಿಗೆ ಸಿಗುತ್ತದೆ, ಅಂಟು ಅಕ್ಕಿ ಬೆರೆತ ಮಲ್ಲಿಗೆ ಅಕ್ಕಿಗೆ ಗಿರಣಿಯವರು ಬೆಲೆ ಇಳಿಸುತ್ತಾರೆ.

ಕೊಯ್ಯುವವರು ಬುಡಕ್ಕೆ ಬಗ್ಗುವುದಿಲ್ಲ, ಮೊಣಕಾಲೆತ್ತರದ ಕೂಳೆ ಬಿಡುತ್ತಾರೆ. ಕೊಯ್ದ ಹಿಡಿಯನ್ನು ಆ ಕೂಳೆಯ ಮೇಲೇ ಮಲಗಿಸುತ್ತಾರೆ. ತೆನೆ ಒದ್ದೆ ಮಣ್ಣಿಗೆ ತಾಗದೆ, ಕೆಳಗಿನಿಂದಲೂ ಗಾಳಿಯಾಡಿ, ಎರಡು ಮೂರು ದಿನಕ್ಕೆ ಒಣಗುತ್ತದೆ. ಹಿಂದೆ ಕೊಯ್ದದ್ದನ್ನು ಈ ದಿನ ಕಟ್ಟು ಕಟ್ಟುವುದು ಬಿದಿರ ಸೀಳಿನಿಂದ. ಸೀಳನ್ನೂ ರಾತ್ರಿಯೇ ನೀರಲ್ಲಿ ನೆನೆಸಿರಬೇಕು, ಒಣ ಸೀಳು ತಿರುಚುವಾಗ ಪಟ್ಟನೆ ಮುರಿಯುತ್ತದೆ. ತಾಕಿನ ನಡುವೆ ಕೊನೆಗೆ ಉಳಿದ ತುಂಡು ಭತ್ತದಲ್ಲಿ ಇಲಿಗಳೂ ಅವನ್ನು ಹಿಂಬಾಲಿಸಿದ ಹಾವುಗಳೂ ಸೇರಿಕೊಂಡಿರುತ್ತವೆ. ಅನುಭವಸ್ಥರು ಅದನ್ನು ಸುತ್ತುವರಿಯುವುದಿಲ್ಲ, ಒಂದು ಬದಿಯನ್ನು ಖಾಲಿ ಬಿಟ್ಟು ಸದ್ದು ಮಾಡುತ್ತಾ ಹೋಗುತ್ತಾರೆ.

ಹಾವಿಗಿಂತ ಹೆಚ್ಚು ಹೆದರಬೇಕಾದದ್ದು ಮಣ್ಣಿಗೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಹೋಗಿ ನೆಲೆಸುವವರಲ್ಲಿ ಬಹಳ ಮಂದಿ ಐವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು. ಇಸಾನಿನ ಗದ್ದೆಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ರೋಗದ ಬ್ಯಾಕ್ಟೀರಿಯಾ ಇದೆ. ನಮ್ಮ ಉಡುಪಿ, ದಕ್ಷಿಣ ಕನ್ನಡದಲ್ಲೂ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ರೋಗವೇ. ಕಾಲಿನ ಸಣ್ಣ ಗಾಯದಿಂದಲೋ ಕುಡಿಯುವ ನೀರಿನಿಂದಲೋ ಒಳಹೊಕ್ಕು ಜ್ವರ, ನ್ಯುಮೋನಿಯಾ, ಯಕೃತ್ತಿನಲ್ಲಿ ಕೀವುಗಡ್ಡೆ ತರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ದಿನಗಳಲ್ಲೇ ಪ್ರಾಣಕ್ಕೆ ಬರಬಹುದು. ಸಾಮಾನ್ಯ ಆಂಟಿಬಯಾಟಿಕ್‌ಗಳಲ್ಲಿ ಹಲವಕ್ಕೆ ಅದು ಬಗ್ಗುವುದಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಗಾಯಕ್ಕೆ ನೀರು ಹೋಗದ ಪಟ್ಟಿ ಕಟ್ಟಿ, ಮನೆಗೆ ಬಂದ ಕೂಡಲೇ ಸೋಪಿನಿಂದ ಕಾಲು ತೊಳೆಯಿರಿ. ಜ್ವರ ಬಂದರೆ ಗದ್ದೆಗೆ ಇಳಿದಿದ್ದೆ, ಸಕ್ಕರೆ ಕಾಯಿಲೆ ಇದೆ ಎಂಬ ಎರಡು ಮಾತನ್ನು ವೈದ್ಯರಿಗೆ ಮೊದಲೇ ಹೇಳಿ. ಇಲಿ ಜ್ವರಕ್ಕೂ ಇದೇ ಬೂಟು, ಇದೇ ಎಚ್ಚರ. ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ 1669.

ಹನ್ನೊಂದೂವರೆಗೆ ಬದುವಿನ ಮರದಡಿ ಚಾಪೆ. ಎಲ್ಲರ ನಡುವೆ ಕ್ರತಿಪ್, ಸುಟ್ಟ ಮೀನು, ಪಪ್ಪಾಯಿ ಕುಟ್ಟಿದ ಸೊಮ್ ತಮ್, ಮೆಣಸಿನ ಚಟ್ನಿ. ಬಲಗೈಯಲ್ಲಿ ಅನ್ನದ ತುತ್ತು ಮುರಿದು ಉಂಡೆ ಮಾಡಿ ಅದ್ದಿ ತಿನ್ನುವುದು ರಾಗಿ ಮುದ್ದೆ ತಿಂದವರಿಗೆ ಹೇಳಿಕೊಡಬೇಕಿಲ್ಲ. ಸಸ್ಯಾಹಾರಿಗೆ ಅಲ್ಲಿ ಪದವಿದೆ, ಮಂಗ್‌ಸವಿರತ್, ನಮ್ಮ ‘ಮಾಂಸವಿರತಿ’. ಆದರೆ ಹಳ್ಳಿಯಲ್ಲಿ ಆ ಮಾತು ಹೇಳಿದರೂ ಕೊಳೆಸಿದ ಮೀನಿನ ರಸ, ಪಾ ದ್ಯಾಕ್, ಬಿದ್ದೇ ಬೀಳುತ್ತದೆ, ಅವರಿಗೆ ಅದು ಉಪ್ಪಿದ್ದ ಹಾಗೆ. ‘ಬೊ ಸೈ ಪಾ ದ್ಯಾಕ್’ ಎಂದು ಕುಟ್ಟುವ ಮುಂಚೆಯೇ ಹೇಳಿ, ಒರಳನ್ನೂ ತೊಳೆಸಬೇಕು. ಮೀನು ತಿನ್ನುವವರಿಗೂ ಒಂದು ಮಾತು: ಕೆರೆಮೀನನ್ನು ಹಸಿಯಾಗಿ ಕೊಚ್ಚಿ ನಿಂಬೆ ಹಿಂಡಿದ ಕೊಯ್ ಪ್ಲಾ ಬಂದರೆ ಕೈ ಮುಗಿದು ಬೇಡವೆನ್ನಿ. ಅದರಲ್ಲಿರುವ ಯಕೃತ್ತಿನ ಹುಳು ನಿಂಬೆಗೂ ಖಾರಕ್ಕೂ ಸಾಯುವುದಿಲ್ಲ. ಪಿತ್ತನಾಳದ ಕ್ಯಾನ್ಸರಿಗೆ ಇಸಾನಿನಲ್ಲಿ ಅದೇ ಮುಖ್ಯ ಕಾರಣ.

ಮಧ್ಯಾಹ್ನದ ಕೆಲಸ ಅಂಗಳದಲ್ಲಿ. ಯಂತ್ರದಿಂದ ಬಂದ ಭತ್ತದಲ್ಲಿ ನೂರಕ್ಕೆ 25ರಷ್ಟು ತೇವ ಇರುತ್ತದೆ, ಅದು 14–15ಕ್ಕೆ ಇಳಿಯಬೇಕು. ಒದ್ದೆಯನ್ನು ಹಾಗೇ ಮಾರಿದರೆ ಗಿರಣಿಯಲ್ಲಿ ತೂಕ ಕಳೆಯುತ್ತಾರೆ, ಚೀಲದಲ್ಲಿಟ್ಟರೆ ಒಂದೆರಡು ದಿನದಲ್ಲಿ ಬಿಸಿಯೇರಿ ಕಾಳು ಹಳದಿಯಾಗುತ್ತದೆ. ನೀಲಿ ನೈಲಾನ್ ಬಲೆ ಹಾಸಿ, ನಾಲ್ಕೈದು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಗಂಟೆಗೊಮ್ಮೆ ಮರದ ಹಲುಬೆಯಿಂದ ಎಳೆಯಬೇಕು. ತೀರ ತೆಳ್ಳಗೆ ಹರಡಿದರೆ ಬಿಸಿಲಿಗೆ ಕಾಳು ಒಳಗೇ ಬಿರಿದು ಗಿರಣಿಯಲ್ಲಿ ನುಚ್ಚಾಗುತ್ತದೆ. ದಪ್ಪವಾದರೆ ಅಡಿಯ ಪದರ ಹಸಿಯಾಗೇ ಉಳಿಯುತ್ತದೆ. ಹಲ್ಲಲ್ಲಿ ಕಚ್ಚಿದಾಗ ಟಕ್ ಎಂದು ಮುರಿದರೆ ಆಯಿತು, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಒಂದು ಬಿಸಿಲು ಬೇಕು. ಅಂಗಳ ಸಾಲದವರು ದೇವಾಲಯದ ಬಯಲಲ್ಲಿ, ರಸ್ತೆಯ ಅರ್ಧ ಭಾಗದಲ್ಲಿ ಹರಡುತ್ತಾರೆ. ಬೈಕ್ ಸವಾರರು ಕತ್ತಲಲ್ಲಿ ಅದರ ಮೇಲೆ ಜಾರಿ ಬೀಳುತ್ತಾರೆ, ಅಂಚಿಗೆ ಕೊಂಬೆ ನೆಟ್ಟು ಗುರುತು ಮಾಡಬೇಕು.

ಊಟದ ಭತ್ತವನ್ನು ಬೇಕಾದಾಗ ಬೇಕಾದಷ್ಟೇ ಊರಿನ ಸಣ್ಣ ಗಿರಣಿಗೆ ಒಯ್ಯುತ್ತಾರೆ. ದುಡ್ಡು ಕೊಡುವ ವಾಡಿಕೆ ಇಲ್ಲ, ತೌಡು ನುಚ್ಚು ಗಿರಣಿಯವನಿಗೆ.

ಸಂಜೆ ಸ್ನಾನಕ್ಕೆ ಗುಡಾಣದ ನೀರು. ಮನೆಯ ಸೂರಿನಿಂದ ಮಳೆನೀರು ಇಳಿಯುವ ಸಿಮೆಂಟಿನ ಗುಡಾಣ ಒಂದೊಂದು 2000 ಲೀಟರಿನದು. ಕೊಳವೆ ಬಾವಿ ಕೊರೆಸಿದರೆ ಸಾಲದೇ ಎನ್ನುವವರು ಇಸಾನಿನ ನೆಲದಡಿ ಕಲ್ಲುಪ್ಪಿನ ಪದರ ಇದೆ ಎಂಬುದನ್ನು ಮರೆಯಬಾರದು. ಆಳ ಹೆಚ್ಚಿದಷ್ಟೂ ಉಪ್ಪುನೀರು ಬರುವ ಅಪಾಯ ಹೆಚ್ಚು. ಬೇಸಗೆಯಲ್ಲಿ ಕೆಲವು ಗದ್ದೆಗಳ ಮೇಲೆ ಉಪ್ಪು ಬಿಳಿಯಾಗಿ ಎದ್ದು ಕಾಣುತ್ತದೆ. ಗುಡಾಣದ ಮುಚ್ಚಳ ತೆರೆದಿಟ್ಟರೆ ಡೆಂಗಿ ಸೊಳ್ಳೆ. ಊರಿನ ಆರೋಗ್ಯ ಸ್ವಯಂಸೇವಕರು ಮರಿಹುಳ ಕೊಲ್ಲುವ ಪುಡಿ ತಂದು ಹಾಕುತ್ತಾರೆ, ಅವರನ್ನು ಒಳಗೆ ಬಿಡಿ.

ಕೊಯ್ಲಿನ ಗಡಿಬಿಡಿಯಲ್ಲಿ ತಪ್ಪಿಹೋಗುವುದು 90 ದಿನದ ವರದಿ. ದೇಶದೊಳಗೆ ಸತತ 90 ದಿನ ಇದ್ದ ವಿದೇಶೀಯರು ವಲಸೆ ಕಚೇರಿಗೆ ವಿಳಾಸ ತಿಳಿಸಬೇಕು, ಗಡುವಿಗೆ 15 ದಿನ ಮುಂಚಿನಿಂದ 7 ದಿನ ಆಮೇಲಿನವರೆಗೆ ಅವಕಾಶ, ತಪ್ಪಿದರೆ 2000 ಬಾತ್ ದಂಡ. ಹೊರದೇಶದವರು ಬಂದು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ತಿಳಿಸುವ ಹೊಣೆ ಮನೆಯ ಯಜಮಾನರದು, ಅದಕ್ಕೆ ಟಿ.ಎಂ. 30 ಎಂಬ ಅರ್ಜಿ. ಹಳ್ಳಿಯಲ್ಲಿ ಆ ಯಜಮಾನರು ಹೆಚ್ಚಾಗಿ ಅತ್ತೆ ಅಥವಾ ಮಾವ, ಅವರಿಗೆ ಈ ಕಾಗದದ ಅಭ್ಯಾಸವಿಲ್ಲ. ಮನೆಯಲ್ಲಿ ಇರುವವರ ಹೆಸರು ದಾಖಲಾದ ಸರ್ಕಾರಿ ಮನೆಪುಸ್ತಕದ ನಕಲು, ಅವರ ಗುರುತಿನ ಚೀಟಿಯ ನಕಲು, ಎರಡಕ್ಕೂ ಅವರ ಸಹಿ, ನಾಲ್ಕು ಪ್ರತಿ ಮಾಡಿಸಿ ಮನೆಯಲ್ಲಿ ಇಟ್ಟುಕೊಳ್ಳಿ. ವಲಸೆ ಕಚೇರಿ ಪ್ರಾಂತ್ಯದ ಪೇಟೆಯಲ್ಲಿ. ಕೊಯ್ಲಿನ ವಾರ ಅವರನ್ನು ಗದ್ದೆಯಿಂದ ಎಬ್ಬಿಸಿ ಸಹಿ ಹಾಕಿಸಲು ಕರೆದೊಯ್ಯುವುದು ಯಾರಿಗೂ ಒಳ್ಳೆಯದಲ್ಲ.

ಸೂರ್ಯ ಇಳಿಯುತ್ತಲೇ ಚಳಿ. ಇಬ್ಬನಿ ಬೀಳುವ ಮುಂಚೆ ಭತ್ತವನ್ನು ಬಲೆಯ ನಡುವಿಗೆ ಗುಡ್ಡೆ ಎಳೆದು, ಬಲೆಯ ನಾಲ್ಕು ತುದಿ ಮಡಚಿ, ಮೇಲೆ ಟಾರ್ಪಾಲು ಹೊದಿಸಿ ಅಂಚಿಗೆ ಇಟ್ಟಿಗೆ ಹೇರಬೇಕು. ಒಮ್ಮೆ ಒಣಗಿದ ಕಾಳು ಮತ್ತೆ ತೇವ ಕುಡಿದರೆ ಮರುದಿನದ ಬಿಸಿಲಿಗೆ ಬಿರಿಯುತ್ತದೆ. ರಸ್ತೆ ಬದಿಯ ಗುಡ್ಡೆಯ ಪಕ್ಕ ಮನೆಯವರೊಬ್ಬರು ಸೊಳ್ಳೆಪರದೆ ಕಟ್ಟಿ ಮಲಗುತ್ತಾರೆ. ಬೆಳಿಗ್ಗೆ ಟಾರ್ಪಾಲನ್ನು ಬೇಗ ತೆಗೆಯಬಾರದು, ರಸ್ತೆಯ ಮೇಲಿನ ತೇವ ಆರಿದ ಮೇಲೆ, ಎಂಟು ಗಂಟೆಯ ಹೊತ್ತಿಗೆ.